ಗರಗಸದ ಮುಂದೆ ನಿಲ್ಲದಿರುವ ಬಗ್ಗೆ

ಗ್ರಾನೈಟ್ ಕಾರ್ಖಾನೆಯ ಮಾಲೀಕರಾದ ಗಂಗಾಧರಸ್ವಾಮಿಯವರಿಗೆ,

ತೆರಕಣಾಂಬಿಯ ಮಹಾಲಿಂಗ ಮಾಡುವ ನಮಸ್ಕಾರ.

ಕುಡಿತ ಬಿಡಲು ಚಾಮರಾಜನಗರದ ಡಾಕ್ಟರು ಕೊಟ್ಟಿರುವ ಮಾತ್ರೆಗೆ ತೂಕಡಿಕೆ ಬರುತ್ತದೆ. ಅದು ಮೈಗೆ ಒಗ್ಗುವವರೆಗೆ ಕಲ್ಲು ಕೊಯ್ಯುವ ಗರಗಸ ಮುಟ್ಟಬಾರದೆಂದು ಅವರೇ ಚೀಟಿ ಬರೆದರು. ಅದನ್ನು ನಿಮ್ಮ ಕೈಗಿಟ್ಟು ಬೇರೆ ಕೆಲಸ ಕೇಳಿದೆ. ನೀವು ಎಲ್ಲರೆದುರು ನಕ್ಕು, “ಮಾತ್ರೆ ಬುಡು, ಇಲ್ಲಾ ಕೆಲ್ಸ ಬುಡು ಕಣ್ಲಾ” ಅಂದಿರಿ.

ಲಾರಿಗೆ ಕಲ್ಲು ತುಂಬಿಸಿದ ದಿನಗಳಲ್ಲೆಲ್ಲ ಸಂಜೆ ಬಾಟಲಿ ಕೊಡಿಸುತ್ತಿದ್ದವರು ನೀವೇ. ಆ ಅಮಲಿನಲ್ಲೇ ಮರುದಿನ ಗರಗಸ ನಡೆಸಿದೆ. ಆಗ ಯಾರೂ ಬೇಡ ಅನ್ನಲಿಲ್ಲ. ಕುಡಿದರೆ ಮಜಾ, ಬಿಟ್ಟರೆ ಸಜಾ! ಪ್ರಾಸವೇನೋ ಚೆನ್ನಾಗಿದೆ ಸ್ವಾಮಿ, ನ್ಯಾಯ ಚೆನ್ನಾಗಿಲ್ಲ.

ಈಗ ನನ್ನ ಜಾಗಕ್ಕೆ ಸಿದ್ದರಾಜುವನ್ನು ಹಾಕಿದ್ದೀರಿ. ನಿನ್ನೆ ಬೆಳಿಗ್ಗೆ ಬಸ್ಸಿನಲ್ಲಿ ಸಿಕ್ಕಿದ್ದ, ಬಾಯಿ ಗಬ್ಬು ನಾರುತ್ತಿತ್ತು. ಬೈದರೆ, “ಅಣ್ಣೋ, ಸ್ವಾಮೇರೇ ಕೊಟ್ಟಾಗ ಬ್ಯಾಡ ಅನ್ನಕಾಯ್ತದಾ?” ಅಂದ. ಟಿಕೆಟ್ ಹಿಡಿದ ಅವನ ಕೈ ನಡುಗುತ್ತಿತ್ತು. ಆ ನಡುಕ ನನಗೆ ಗೊತ್ತು.

ಮಾತ್ರೆಯನ್ನೂ ಬಿಡುವುದಿಲ್ಲ, ಕೆಲಸವನ್ನೂ ಬಿಡುವುದಿಲ್ಲ. ನಾಳೆ ಬರುತ್ತೇನೆ. ಕಲ್ಲುಪುಡಿ ಗುಡಿಸಲು ಒಂದು ಪೊರಕೆ ಕೊಡಿ, ಸಾಕು. ಆದರೆ ಅದಕ್ಕೂ ಮೊದಲು ಸಿದ್ದರಾಜುವನ್ನು ಗರಗಸದಿಂದ ಆಚೆ ಕರೆಯಿರಿ.

ಇಂತಿ,
ಇನ್ನೂ ಹತ್ತು ಬೆರಳೂ ಇರುವ
ಮಹಾಲಿಂಗ