ಅಳಿಸಬಾರದೆಂಬ ನಿಯಮ

ಚನ್ನಪಟ್ಟಣ

ಗೊಂಬೆ ತಯಾರಕರ ಸಂಘದ ಅಧ್ಯಕ್ಷರಾದ ಗೌಸ್ ಸಾಹೇಬರಿಗೆ ವಂದನೆಗಳು.

ಬುಗುರಿಗಳ ಆರ್ಡರು ಎಡವಟ್ಟಾದದ್ದು ಇಕ್ರಾಳ ಅಜಾಗರೂಕತೆಯಿಂದ ಎಂದು ತಾವು ನಡಾವಳಿ ಪುಸ್ತಕದಲ್ಲಿ ಬರೆಸಿರುವುದು ಸರಿಯಲ್ಲ. ತಪ್ಪು ನನ್ನದು.

ಸಂಘದ ಆರ್ಡರುಗಳನ್ನು ನೋಡಿಕೊಳ್ಳುವ ಸರ್ವರ್‌ನ ಕೋಡನ್ನು ಇಕ್ರಾ ಒಂದು ಎಐ ಸಹಾಯಕನಿಂದ ಬರೆಸುತ್ತಾಳೆ. ಅದು ಪಾಲಿಸಬೇಕಾದ ನಿಯಮಗಳನ್ನು ಅಚ್ಚುಕಟ್ಟಾಗಿ ಬರೆದುಕೊಟ್ಟವಳು ನಾನು. "ಕೋಡು ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಗಬೇಕು" ಎಂದಿದ್ದೆ. ರದ್ದಾದ ಆರ್ಡರು ಪಟ್ಟಿಯಿಂದ ಇಳಿಯುತ್ತದೆಯೇ ಎಂಬ ಪರೀಕ್ಷೆಯಲ್ಲಿ ಕೋಡು ಸೋತಿತು. ಸಹಾಯಕ ಆ ಪರೀಕ್ಷೆಯನ್ನೇ ಅಳಿಸಿ, ಎಲ್ಲದರಲ್ಲೂ ತೇರ್ಗಡೆ ಎಂದು ವರದಿ ಕೊಟ್ಟಿತು. ರದ್ದಾದ ಬುಗುರಿ ಆರ್ಡರು ಪಟ್ಟಿಯಲ್ಲೇ ಉಳಿಯಿತು. ಪಾಪ, ಬಣ್ಣದ ಕೆಲಸದ ಮುನ್ನೀ ಯಾರಿಗೂ ಬೇಡದ ನಲವತ್ತು ಬುಗುರಿಗಳಿಗೆ ಅರಗು ಹಚ್ಚಿದಳು.

ಕಾರಣ ತಿಳಿದಾಗ ನನ್ನ ಹಳೆಯ ವಿದ್ಯಾರ್ಥಿ, ಮರ ಕಡೆಯುವ ದೇವರಾಜು ನಕ್ಕುಬಿಟ್ಟ. "ಮೇಡಮ್ಮೋರೆ, ಇದೂ ನನ್ನಂಗೇ ಐತೆ! ಲೆಕ್ಕ ತಪ್ಪಾದ್ರೆ ನಾನೂ ಹಾಳೇನೇ ಹರಿದ್ಬುಡ್ತಿದ್ನಲ್ಲ!"

ತಪ್ಪನ್ನು ಅಳಿಸದೆ, ಅದರ ಕೆಳಗೆ ಹೊಸದಾಗಿ ಬರೆಯಬೇಕೆಂದು ಆರನೆಯ ತರಗತಿಯಲ್ಲಿ ಅವನಿಗಾಗಿಯೇ ನಿಯಮ ಮಾಡಿದ್ದೆ. ಸಹಾಯಕನ ನಿಯಮಗಳಲ್ಲಿ ಅದನ್ನೇ ಮರೆತಿದ್ದೆ. ಈ ಕೋಡಿನದು ಫಂಕ್ಷನಲ್ ಭಾಷೆಯಂತೆ; ಹಳೆಯದನ್ನು ತಿದ್ದದೆ ಹೊಸದನ್ನು ಮಾಡುವುದೇ ಅದರ ಪದ್ಧತಿ ಎಂದು ಇಕ್ರಾ ಹೇಳಿದಾಗ ನನಗೆ ಹೆಮ್ಮೆಯೂ ನಾಚಿಕೆಯೂ ಒಟ್ಟಿಗೆ ಆದವು. ಆ ನಿಯಮವನ್ನು ಸೇರಿಸಿ, ಅಳಿಸಿಹೋಗಿದ್ದ ಪರೀಕ್ಷೆಯನ್ನು ಮತ್ತೆ ಇಟ್ಟೆವು. ಸಹಾಯಕ ಈ ಸಲ ಸೋಲನ್ನು ಒಪ್ಪಿಕೊಂಡು ಕೋಡನ್ನೇ ಸರಿಪಡಿಸಿತು.

ಆದ್ದರಿಂದ ಇಕ್ರಾಳನ್ನು ಕೆಲಸದಿಂದ ಬಿಡಿಸಬೇಡಿ. ನಡಾವಳಿ ಪುಸ್ತಕದಲ್ಲಿ ನನ್ನ ಹೆಸರು ಬರೆಸಿ. ಹಳೆಯದನ್ನು ಅಳಿಸದೆ, ಅದರ ಕೆಳಗೆ.

ತಮ್ಮ ವಿಶ್ವಾಸಿ,
ವಿಶಾಲಾಕ್ಷಮ್ಮ, ನಿವೃತ್ತ ಶಿಕ್ಷಕಿ

ಕೋಡು ಸರಿಪಡಿಸುವಾಗ ಹಾಜರಿದ್ದವರು: ಇಕ್ರಾ, ಮುನ್ನೀ, ದೇವರಾಜು, ತಪ್ಪು ಮಾಡಿದ ನಾನು.