ಗೇಟಿನ ಮೇಲಿನ ಬೋರ್ಡು

ಬುಧವಾರ, ಮಧ್ಯಾಹ್ನ

ನನ್ನ ಹಟಮಾರಿ ಅಮ್ಮನಿಗೆ,

ಮಂಡಿ ಆಪರೇಷನ್ ಆದಮೇಲೆ ದೊಡ್ಡಮ್ಮ ನಿನ್ನನ್ನು ಮನೆಯಿಂದ ಹೊರಗೇ ಬಿಡುತ್ತಿಲ್ಲವಂತೆ. ಬಿಡದಿರಲಿ. ಭಾನುವಾರದ ಸಮಾರಂಭಕ್ಕೆ ನೀನು ಬರಬೇಡ. ಫೋನಿನಲ್ಲಾದರೆ ಅರ್ಧಕ್ಕೇ ನನ್ನ ಬಾಯಿ ಮುಚ್ಚಿಸುತ್ತೀಯ; ಅದಕ್ಕೇ ಬರೆದು, ಇವತ್ತೇ ಊರಿಗೆ ಹೊರಟಿರುವ ದೊಡ್ಡಮ್ಮನ ಮಗನ ಕೈಲಿ ಕಳಿಸುತ್ತಿದ್ದೇನೆ.

ನೀನೇ ಕಟ್ಟಿದ ಸಂಸ್ಥೆಯನ್ನು ಹೊಸ ನಿರ್ದೇಶಕರಿಗೆ ಒಪ್ಪಿಸಿ ಹೋದಮೇಲೆ ಒಳ್ಳೆಯದೂ ಆಗಿದೆ, ಇಲ್ಲವೆನ್ನಲಾರೆ. ಸೂರು ಸೋರುವುದು ನಿಂತಿತು. ಅಡುಗೆಯಕ್ಕನಿಗೆ ಸಂಬಳ ತಪ್ಪುತ್ತಿಲ್ಲ. ಆದರೆ ಹೋದ ವಾರ ಗೇಟಿನ ಮೇಲೆ ಬೋರ್ಡು ಬಂತು. ಗಂಡನ ಹೊಡೆತ ತಾಳದೆ ಬಂದವರಿಗೆ ಆಸರೆ ಎಂದು ದಪ್ಪಕ್ಷರದಲ್ಲಿ. ಪಕ್ಕದಲ್ಲಿ ನಗುತ್ತಿರುವ ನೀನು. ಕೆಳಗೆ ಸಮಾರಂಭದ ದಿನ. ಕತ್ತಲಾದರೆ ಅದಕ್ಕೆ ದೀಪ ಬೇರೆ.

ಇಷ್ಟು ವರ್ಷ ಬೀದಿಯವರು ನಮ್ಮದನ್ನು ಹೊಲಿಗೆ ಕ್ಲಾಸು ಅಂದುಕೊಂಡಿದ್ದರು. ಹೊಸಬರಿಗೂ ನಾವು ವಿಳಾಸ ಕೊಡುತ್ತಿರಲಿಲ್ಲ. ಮೆಡಿಕಲ್ ಶಾಪಿನ ಹತ್ತಿರ ನಿಲ್ಲಲು ಹೇಳಿ, ನಾನೇ ಹೋಗಿ ಕರೆತರುತ್ತಿದ್ದೆ. ಇದನ್ನು ಹೇಳಿದ್ದಕ್ಕೆ ನಿರ್ದೇಶಕರು, "ಕಣ್ಣಿಗೆ ಕಾಣದ ಕೆಲಸಕ್ಕೆ ಯಾರಮ್ಮ ದುಡ್ಡು ಕೊಡ್ತಾರೆ? ಹತ್ತನೇ ಕ್ಲಾಸ್ ಫೇಲಾದವಳು ನಂಗೆ ಆಡಳಿತ ಕಲಿಸ್ತೀಯಾ?" ಅಂದರು.

"ಫೇಲಾಗಿಲ್ಲ ಸಾರ್, ಪರೀಕ್ಷೆಗೇ ಹೋಗಿಲ್ಲ" ಅಂದೆ.

ಅಡುಗೆಯಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬೋರ್ಡು ಮಾತ್ರ ಅಲ್ಲೇ ಇದೆ. ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದು ನೀನೂ ಒಪ್ಪಿದ್ದೀಯಂತೆ.

ಅದು ಬಂದ ಮಾರನೆಯ ದಿನದಿಂದ ಎದುರಿನ ಬೇಕರಿಯಲ್ಲಿ ಒಬ್ಬ ಮನುಷ್ಯ ನಿಲ್ಲುತ್ತಾನೆ. ತರಿಸಿಕೊಂಡ ಟೀ ಕುಡಿಯುವುದಿಲ್ಲ. ನಮ್ಮ ಹೆಂಗಸರು ಒಬ್ಬೊಬ್ಬರಾಗಿ ಪರದೆ ಸರಿಸಿ ನೋಡುತ್ತಾರೆ, ತನ್ನವನಲ್ಲ ಎಂದು ಉಸಿರು ಬಿಟ್ಟು ಇನ್ನೊಬ್ಬಳಿಗೆ ಜಾಗ ಬಿಡುತ್ತಾರೆ. ಎಲ್ಲರೂ ನೋಡಿ ಆಯಿತು. ಯಾರ ಗಂಡನೂ ಅಲ್ಲ.

"ನೋಡಿದ್ಯಾ, ಸುಮ್ನೆ ಎಲ್ಲರನ್ನೂ ಹೆದರಿಸ್ತೀಯ" ಅಂದರು ನಿರ್ದೇಶಕರು. ನಿನ್ನೆ ಅವನು ಗೇಟಿಗೇ ಬಂದು, ಭಾನುವಾರ ನೀನು ಬರುತ್ತೀಯಾ ಎಂದು ವಿಚಾರಿಸಿದ. ದಾನ ಕೊಡುವವನಿರಬೇಕೆಂದು ಇವರು ಆಮಂತ್ರಣ ಪತ್ರಿಕೆ ಕೊಟ್ಟರು. ಮುಂದಿನ ಸಾಲಿನಲ್ಲೇ ಕುರ್ಚಿ.

ಬರಬೇಡಮ್ಮ. ಅಲ್ಲಿಂದಲೇ ಒಂದು ಮಾತು ಹೇಳು, ಬೋರ್ಡು ಇಳಿಸಲಿ, ಇಲ್ಲಿನ ಹೆಂಗಸರನ್ನೆಲ್ಲ ಬೇರೆ ಮನೆಗೆ ಸಾಗಿಸಲಿ. ನನ್ನ ಮಾತು ಇಲ್ಲಿ ನಡೆಯುವುದಿಲ್ಲ.

ನಿನ್ನ ಮಾತು ಯಾವತ್ತೂ ಕೇಳದ,
ಮಗಳು

ಮರೆತು ಕೊನೆಗೆ ಸೇರಿಸುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಬೆಳಿಗ್ಗೆ ಹಾಲಿಗೆ ಹೋದಾಗ ಅವನು ನನ್ನ ತಲೆ ಸವರಿ, "ಥೇಟ್ ನಿಮ್ಮಮ್ಮನ ಹಾಗೇ ಆಗಿದೀಯಲ್ಲೇ" ಅಂದ. ನಾವಿಬ್ಬರೂ ಆ ಮನೆಯಿಂದ ಓಡಿಬಂದ ಮೇಲೆ ಆ ದನಿ ಕೇಳಿರಲಿಲ್ಲ. ಅಪ್ಪ.

ಅಮ್ಮ ಬರಲ್ಲ ಅಂದೆ.

"ಬರ್ತಾಳೆ. ನೀನು ಇಲ್ಲೇ ಇದೀಯಲ್ಲ" ಅಂದ.