ಮಡಿಲುಗಂಟು ಯಾರದೆಂದು ಕೇಳದವರಿಗೆ

ಹೊಳೆದಂಡೆ ಓಣಿ, ಹರಿಹರ
ಹದಿಮೂರನೇ ತಿಂಗಳು ಹುಟ್ಟಲು ಎರಡು ದಿನ ಬಾಕಿ, 2163

ಹಿಂದಿನ ಕಾಲದವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದಕ್ಕೆ ಉರಿತಿಂಗಳು ಅಂತ ಹೆಸರು. ಆ ಇಪ್ಪತ್ತೆಂಟು ದಿನ ಹಗಲಲ್ಲಿ ಹೊರಗೆ ನಿಂತವರು ಉಳಿಯುವುದಿಲ್ಲ, ಅದಕ್ಕೇ ಶಾಲೆ, ಸಂತೆ, ಕಚೇರಿ ಎಲ್ಲಾ ಮುಚ್ಚಿ ಜನ ತಂಪುಕೋಣೆ ಸೇರುತ್ತಾರೆ. ನನ್ನ ಮಾತುಗಳು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಿದ್ದಿ ಬರೆಯುವ ವಯಸ್ಸೂ ದಾಟಿದೆ. ಹಿಂದಂಚೆ ಅಂತ ಒಂದಿದೆ ನಮ್ಮಲ್ಲಿ, ಹೋದ ಕಾಲಕ್ಕೆ ಹಾಕುವ ಕಾಗದ. ಜೀವಮಾನಕ್ಕೆ ಒಂದೇ ಸಲ ಬರೆಯಬಹುದು. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೆಚ್ಚಿನವರು ಸತ್ತ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ನಿಮ್ಮ ಮೇಲೆ ಸಿಟ್ಟಿದೆ.

ನನ್ನ ಹೆಸರು ಹಾಲಮ್ಮ. ಎಪ್ಪತ್ತೆಂಟು ವರ್ಷ. ನನಗೆ ಒಬ್ಬಳೇ ಮೊಮ್ಮಗಳು, ಮಂದಾರ. ಅವಳ ಮಗಳು ಹೊನ್ನಿಗೆ ಎರಡು ತುಂಬಿದೆ. ಹೊನ್ನಿಯ ಅಪ್ಪ ಉಪ್ಪಿನ ಕೆಲಸಕ್ಕೆ ಅಂತ ಕರಾವಳಿಗೆ ಹೋದವನು ತಿರುಗಿಯೂ ನೋಡಲಿಲ್ಲ. ಮಂದಾರ ತಂಪುಯಂತ್ರ ರಿಪೇರಿಯ ವಿದ್ಯೆ ಕಲಿಯುತ್ತಿದ್ದಾಳೆ. ಬೆಳಿಗ್ಗೆ ಮಗುವಿಗೆ ಗಂಜಿ ಕುಡಿಸಿ, ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ಹೋಗುತ್ತಾಳೆ. ಮಗು ಪಂಪುಗಳ ನಡುವೆ ನಿದ್ದೆ ಮಾಡುತ್ತದೆ. ಓದು ಮುಗಿಯಲು ಇನ್ನು ಹತ್ತು ತಿಂಗಳಿದೆ. ಮುಗಿದರೆ ಅವಳ ಕೈಗೆ ಕೆಲಸ, ಯಾರ ಹಂಗೂ ಇಲ್ಲ.

ಹೀಗೆ ಒಂಟಿಯಾಗಿ ಮಗು ಸಾಕುತ್ತಾ ಓದುವವರಿಗೆ ಊರಿನ ಲೆಕ್ಕದಲ್ಲಿ ಬಾಡಿಗೆಯಿಲ್ಲದ ತಂಪುಕೋಣೆ ಸಿಗುತ್ತದೆ. ಅದಕ್ಕೆ ಸೂರುಪಾಲು ಅನ್ನುತ್ತೇವೆ. ಒಂದೇ ಷರತ್ತು: ಅವರ ಹೆಸರಿನಲ್ಲಿ ಕೂಡಿಟ್ಟದ್ದು ನಾನೂರು ಕೊಡಚೀಟಿ ದಾಟಬಾರದು. ಕೊಡಚೀಟಿ ಅಂದರೆ ನಮ್ಮ ನೋಟು, ಒಂದು ಚೀಟಿಗೆ ಒಂದು ಕೊಡ ಕುಡಿಯುವ ನೀರು. ಈ ಷರತ್ತು ನಿಮ್ಮ ಕಾಲದ್ದು. ಕಾಯಿದೆ ಪುಸ್ತಕದಲ್ಲಿ ಉಳಿದೆಲ್ಲ ಸಾಲು ಬದಲಾಗಿದೆ, ಅದೊಂದು ಮಾತ್ರ ಯಾವನೋ ನಿಮ್ಮವನು ಬರೆದದ್ದು ಬರೆದ ಹಾಗೇ ಕೂತಿದೆ. ನೋಟಿನ ಹೆಸರು ಬದಲಾಯಿಸಿದ್ದಾರೆ, ಅಷ್ಟೇ.

ಈಗ ಮಡಿಲುಗಂಟಿನ ವಿಷಯ ಹೇಳಬೇಕು. ನಮ್ಮ ಓಣಿಯಲ್ಲಿ ಮಗುವಿಗೆ ಹೆಸರಿಡುವ ದಿನ ಪ್ರತಿ ಮನೆಯವರೂ ಬಂದು ತಾಯಿಯ ಮಡಿಲಿಗೆ ಕೊಡಚೀಟಿ ಹಾಕುತ್ತಾರೆ. ಹಾಕುವಾಗ ಕೊಟ್ಟವರ ಹೆಸರು ಗಟ್ಟಿಯಾಗಿ ಕೂಗಬೇಕು. ಗಂಟು ಮಗುವಿನದು. ಮಗುವಿಗೆ ಹದಿನೈದಾಗುವ ತನಕ ತಾಯಿ ಮುಟ್ಟುವ ಹಾಗಿಲ್ಲ, ಮನೆಯ ಹಿರಿಯಳು ಕಾಯಬೇಕು. ಆದರೆ ಹಾಲು ಕುಡಿಯುವ ಮಗುವಿನ ಹೆಸರಲ್ಲಿ ದಾಖಲೆ ಆಗುವುದಿಲ್ಲವಲ್ಲ, ಅದಕ್ಕೆ ಬರೆಸುವುದು ತಾಯಿಯ ಹೆಸರಿನಲ್ಲಿ. ಹೊನ್ನಿಯ ಗಂಟಿಗೆ ಆರುನೂರ ನಲವತ್ತು ಬಿತ್ತು. ಅಪ್ಪನಿಲ್ಲದ ಮಗು ಅಂತ ಓಣಿಯವರು ಕೈಬಿಚ್ಚಿ ಹಾಕಿದ್ದರು. ನನಗೆ ಎಷ್ಟು ಜಂಬ ಬಂದಿತ್ತು ಅಂತ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಹನ್ನೊಂದು ದಿನದ ಹಿಂದೆ ಸೂರುಕಟ್ಟೆಯಿಂದ ಕಾಗದ ಬಂತು. ಸೂರುಕಟ್ಟೆ ಅಂದರೆ ಕೋಣೆ ಹಂಚುವ ಕಚೇರಿ. ಮಂದಾರಳ ಹೆಸರಿನಲ್ಲಿ ಮಿತಿ ಮೀರಿ ಕೂಡಿಟ್ಟದ್ದು ಕಂಡುಬಂದಿದೆ, ವಿಚಾರಣೆಗೆ ಬರಬೇಕು, ಪಾಲು ರದ್ದಾದರೆ ಉರಿತಿಂಗಳಿಗೆ ಮೊದಲು ಕೋಣೆ ಬಿಡಬೇಕು. ಅವಳು ಶಾಲೆಯಲ್ಲಿದ್ದಳು. ನಾನು ಕಾಗದ ಓದಿದೆ, ತಲೆ ಕೆಟ್ಟಿತು. ಜಾಸ್ತಿ ಇದ್ದರೆ ತಾನೇ ತೊಂದರೆ? ಕಡಿಮೆ ಮಾಡೋಣ. ಗಂಟು ಬಿಚ್ಚಿ ಸೆರಗಿಗೆ ಸುರಿದುಕೊಂಡು ಓಣಿಗೆ ಇಳಿದೆ. ಸಂಜೆಯೊಳಗೆ ಮುನ್ನೂರು ವಾಪಸ್ ಕೊಟ್ಟು ಮುಗಿಸಬೇಕು ಅಂತ ಹಟ.

ನಿಮಗೆ ಇದರ ತಪ್ಪು ಗೊತ್ತಾಗುವುದಿಲ್ಲ, ಹೇಳುತ್ತೇನೆ. ನಮ್ಮಲ್ಲಿ ಮಡಿಲುಗಂಟಿನ ಚೀಟಿ ಕೊಟ್ಟವರ ಮನೆಗೆ ತಿರುಗಿ ಬರುವುದು ಒಂದೇ ಸಂದರ್ಭದಲ್ಲಿ. ಮಗು ತೀರಿಕೊಂಡಾಗ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಿಟ್ಟಿನಲ್ಲಿ ಗೊತ್ತಿರುವುದೂ ಗೊತ್ತಿರುವುದಿಲ್ಲ. ಮೊದಲನೇ ಮನೆಯ ಬಸಕ್ಕ ಚೀಟಿ ನೋಡಿದವಳೇ ಎದೆ ಬಡಿದುಕೊಂಡು ಅಳಲು ಶುರುಮಾಡಿದಳು. "ಅಯ್ಯೋ ಹೊನ್ನಿ, ನಿನ್ನೆ ತಾನೇ ನನ್ನ ಕೈಯಿಂದ ರೊಟ್ಟಿ ತಿಂದಿತಲ್ಲೇ!"

"ಮಗು ಚೆನ್ನಾಗಿದೆ, ಸುಮ್ಮನಿರೇ!" ಅಂತ ನಾನು ಗದರಿದೆ.

ಅವಳು ಅಳು ನಿಲ್ಲಿಸಿ ಚೀಟಿಗಳನ್ನು ನನ್ನ ಮುಖಕ್ಕೇ ಎಸೆದಳು. "ಚೆನ್ನಾಗಿರೋ ಮಗು ತಲೆ ಮೇಲೆ ಸಾವು ಕರೀತಿದೀಯಾ? ನಿನಗೆ ಕೊಟ್ಟಿದ್ದಲ್ಲ ಇದು ಹಾಲಮ್ಮ, ಅದಕ್ಕೆ ಕೊಟ್ಟಿದ್ದು."

ಮುಂದಿನ ಮನೆಗಳಲ್ಲಿ ಕೆಲವರು ಬಾಗಿಲೇ ತೆಗೆಯಲಿಲ್ಲ. ಹೊಸಿಲ ಮೇಲೆ ಚೀಟಿ ಇಟ್ಟು, ಕಲ್ಲು ಹೇರಿ ಬಂದೆ. ಮುನ್ನೂರು ಖಾಲಿಯಾಯಿತು. ಗೆದ್ದೆ ಅಂದುಕೊಂಡೆ.

ಮಂದಾರ ಮನೆಗೆ ಬಂದು ಎಲ್ಲಾ ಕೇಳಿಸಿಕೊಂಡಳು. ಒಂದು ಮಾತೂ ಬೈಯಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಅಜ್ಜಿ, ವಿಚಾರಣೇಲಿ ನೀನು ಬಾಯಿ ಬಿಡಬೇಡ" ಅಂದಳು, ಅಷ್ಟೇ.

ವಿಚಾರಣೆಯ ದಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತೆವು. ಹೊನ್ನಿ ಎರಡು ಸಲ ಉಚ್ಚೆ ಹೊಯ್ದಿತು, ನನ್ನ ಸೆರಗಿನಲ್ಲೇ ಒರೆಸಿದೆ. ಕೊನೆಗೆ ಸೂರುಕಟ್ಟೆಯ ಅಧಿಕಾರಿ ಶಾಹಿದಾ ಮೇಡಂ ಕರೆದರು. ಕೆಟ್ಟವರಲ್ಲ, ಮಗುವಿಗೆ ತಮ್ಮ ಬಾಟಲಿಯ ನೀರು ಕುಡಿಸಿದರು. ಆಮೇಲೆ ಪುಸ್ತಕ ತೆರೆದು ಓದಿದರು: ಪಾಲಿಗೋಸ್ಕರ ಕೈಬಿಟ್ಟ ಗಂಟನ್ನು ಒಂದು ವರ್ಷದ ತನಕ ಕೈಯಲ್ಲಿ ಇದ್ದಂತೆಯೇ ಎಣಿಸತಕ್ಕದ್ದು. ಇದಕ್ಕೆ ನೆರಳುಗಂಟು ಅಂತ ಹೆಸರು. ನೆರಳಿಗೆ ಒಂದು ಕೊಡ ನೀರೂ ಬರುವುದಿಲ್ಲ, ಆದರೆ ಲೆಕ್ಕಕ್ಕೆ ಬರುತ್ತದೆ. ಮುನ್ನೂರು ಹೋಯಿತು, ಕೋಣೆಯೂ ಹೋಯಿತು.

ನಾನು ಬಾಯಿ ಬಿಟ್ಟೆ. "ಅದು ಅವಳದ್ದಲ್ಲ ತಾಯಿ, ಮಗೂದು! ಇಡೀ ಓಣಿ ಸಾಕ್ಷಿ ಇದೆ!"

ಶಾಹಿದಾ ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಜ್ಜಿ, ಗಂಟು ಇದ್ದ ಹಾಗೇ ತಂದು, ಓಣಿಯವರು ನಾಲ್ಕು ಜನ ಬಂದು ಹೇಳಿದ್ದರೆ, ಮಗುವಿನ ಗಂಟು ಅಂತ ನಾನೇ ಬರಕೊಳ್ತಿದ್ದೆ. ಈಗ ಅರ್ಧ ಗಂಟು ಬಿಚ್ಚಿ ಹಂಚಿದೀರಿ. ಮಗುವಿನದ್ದಾಗಿದ್ದರೆ ನೀವ್ಯಾಕೆ ಹಂಚಿದ್ರಿ ಅಂತ ಮೇಲಿನವರು ಕೇಳ್ತಾರೆ. ನಾನೇನು ಹೇಳಲಿ?"

"ಮೊದಲೇ ಯಾಕೆ ಹೇಳಲಿಲ್ಲ ಇದನ್ನ?"

"ಕಾಗದದಲ್ಲಿ ಆ ಕಾಲಂ ಇಲ್ಲ ಅಜ್ಜಿ. ಎಷ್ಟಿದೆ ಅಂತ ಇದೆ. ಯಾರದ್ದು ಅಂತ ಇಲ್ಲ."

ಹೊರಗೆ ಬಂದ ಮೇಲೆ ಮಂದಾರ ಸಿಡಿದಳು. "ನಿನ್ನನ್ನ ಯಾರು ಕೇಳಿದ್ದರು? ಹೇಳು, ಯಾರು ಕೇಳಿದ್ದರು? ನಾನು ಬರೋ ತನಕ ಎರಡು ತಾಸು ಸುಮ್ಮನೆ ಕೂರೋಕಾಗಲಿಲ್ಲ ನಿನಗೆ!" ಬಿಸಿಲಲ್ಲಿ ನಿಂತು ಕೇಳಿಸಿಕೊಂಡೆ. ಉತ್ತರ ಇರಲಿಲ್ಲ. ಅವಳು ಶಾಲೆ ಬಿಟ್ಟು ಪಂಪುಮನೆಯಲ್ಲಿ ಕೂಲಿಗೆ ಸೇರಿದರೆ ಅಲ್ಲೇ ಮಲಗಲು ಜಾಗ ಕೊಡುತ್ತಾರಂತೆ. ನಾಳೆ ಹೆಸರು ಕೊಡುತ್ತೇನೆ ಅಂದಿದ್ದಾಳೆ. ಒಮ್ಮೆ ಕೊಟ್ಟರೆ ಏಳು ವರ್ಷದ ಕರಾರು.

ಕೊಡಲು ನಾನು ಬಿಡುವುದಿಲ್ಲ. ಎಪ್ಪತ್ತು ದಾಟಿದವಳು ಅಂತ ನನಗೆ ಒಂದು ಮುಪ್ಪಿನ ಕೋಣೆ ಇದೆ. ಮುದುಕರ ಹೆಸರಲ್ಲಿ ಇರುವ ತನಕ ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಮುದುಕರು ತಾವಾಗಿ ಹೆಸರು ತೆಗೆಸಿದರೆ ಕೋಣೆ ಅವರು ಹೇಳಿದ ರಕ್ತಸಂಬಂಧಿಗೆ ಒಂದು ವರ್ಷ ಸಿಗುತ್ತದೆ. ಅದಕ್ಕೆ ಗಂಟಿನ ಪ್ರಶ್ನೆಯಿಲ್ಲ. ಬಿಟ್ಟವರಿಗೆ ಮಾತ್ರ ಮತ್ತೆ ಕೋಣೆಯಿಲ್ಲ, ಊರಚಾವಡಿಗೆ ಹೋಗಬೇಕು. ನೆಲದಡಿಯ ಹಳೇ ಗೋದಾಮು ಅದು. ಇನ್ನೂರು ಜನಕ್ಕೆ ಎರಡೇ ಗಾಳಿಕಂಡಿ. ನನ್ನ ವಯಸ್ಸಿನವರು ಅಲ್ಲಿ ಉರಿತಿಂಗಳು ಕಳೆದು ಹೊರಗೆ ಬಂದದ್ದೂ ಉಂಟು, ಬರದೇ ಇದ್ದದ್ದೂ ಉಂಟು. ಇವತ್ತು ಬೆಳಿಗ್ಗೆ ಹೋಗಿ ರುಜು ಹಾಕಿ ನನ್ನ ಹೆಸರು ತೆಗೆಸಿ, ಮಂದಾರಳ ಹೆಸರು ಬರೆಸಿ ಬಂದೆ. ಅವಳು ಮಗುವನ್ನು ನನ್ನ ಹತ್ತಿರ ಬಿಟ್ಟು ಶಾಲೆಗೆ ಹೋಗಿದ್ದಾಳೆ, ಇನ್ನೂ ಹೇಳಿಲ್ಲ. ಹೇಳಿದರೆ ಮತ್ತೆ ಯಾರು ಕೇಳಿದ್ದರು ಅಂತಾಳೆ. ಈ ಸಲ ಉತ್ತರ ಇದೆ ನನ್ನ ಹತ್ತಿರ, ಆದರೆ ಹೆಸರು ತೆಗೆಸಿದ ಕಾಗದ ಹಿಂದಕ್ಕೆ ತಗೊಳ್ಳೋಕೆ ಆಗದ ಹಾಗೆ ಆಗಲಿ, ಆಮೇಲೆ ಹೇಳುತ್ತೇನೆ.

ಕನಿಕರ ಪಡಬೇಡಿ. ನನ್ನ ತಪ್ಪಿಗೆ ನಾನು ತಲೆ ಕೊಟ್ಟಿದ್ದೇನೆ. ನಿಮ್ಮ ತಪ್ಪಿಗೆ ನೀವು ಕೊಡಿ. ಅಲ್ಲಿ ಯಾವುದೋ ಮೇಜಿನ ಮೇಲೆ, ಫ್ಯಾನಿನ ಕೆಳಗೆ, ಯಾರೋ ಆ ಸಾಲು ಬರೆಯುತ್ತಿದ್ದಾರೆ. ಮಗು ಹೊತ್ತುಕೊಂಡು ಓದುವ ಹೆಣ್ಣಿನ ಹೆಸರಲ್ಲಿ ನಾಲ್ಕು ಕಾಸು ಕಂಡರೆ ಅದು ಅವಳದೇ ಅಂತ ಅವರಿಗೆ ಹೇಳಿದವರು ಯಾರು? ಹೋಗಿ ಅವರ ಕೈ ಹಿಡಿಯಿರಿ. ಎಷ್ಟಿದೆ ಅಂತ ಕೇಳುವ ಮೊದಲು ಯಾರದ್ದು ಅಂತ ಕೇಳುವ ಒಂದು ಕಾಲಂ ಹಾಕಿಸಿ. ಒಂದು ಗೆರೆ ಎಳೆದರೆ ಆಗುವ ಕೆಲಸ. ಮೂರನೇ ಕ್ಲಾಸು ಓದಿದ ನನಗೂ ಬರುತ್ತದೆ.

ಚಾವಡಿಯ ಗಾಡಿ ಸಂಜೆ ಬರುತ್ತದೆ. ಚಾಪೆ ಸುತ್ತಬೇಕು, ಹೊನ್ನಿ ಅದರ ಮೇಲೆ ಮಲಗಿಬಿಟ್ಟಿದೆ. ಎಬ್ಬಿಸದೆ ಎಳೆಯುವುದು ಹೇಗೆ ಅಂತ ನೋಡುತ್ತಾ ಕೂತಿದ್ದೇನೆ.

ಹಾಲಮ್ಮ